ಮಳೆಗಾಲದ ಒಂದು ರಾತ್ರಿಗೆ: ‘ಯೂ ಹ್ಯಾವ್ ಗಾಟ್ ಮೇಲ್’ ನೋಡುವುದಾ, ‘ಸರ್ಚಿಂಗ್’ ನೋಡುವುದಾ?

ಹೊರಗೆ ಜೋರು ಮಳೆ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಮಣಿಪಾಲದಲ್ಲಿ ಓದುವ ತಮ್ಮನ ಮೆಸೇಜು: “ಅಣ್ಣ, ಇಂಟರ್‌ನೆಟ್ ಬಗ್ಗೆ ಒಂದು ಒಳ್ಳೆ ಸಿನಿಮಾ ಹೇಳು ಮಾರಾಯ.”

1998ರ ‘ಯೂ ಹ್ಯಾವ್ ಗಾಟ್ ಮೇಲ್’ನಲ್ಲಿ ಇಂಟರ್‌ನೆಟ್ ಅಂದರೆ ಇಮೇಲ್, ಚಾಟ್, ಅಷ್ಟೇ. ಬೇರೆ ಬೇರೆ ಪುಸ್ತಕದ ಅಂಗಡಿ ನಡೆಸುವ ಇಬ್ಬರು ಎದುರಾಳಿಗಳು ಹೆಸರು ಹೇಳದೆ ಪತ್ರ ಬರೆದುಕೊಳ್ಳುತ್ತಾರೆ. ಫೋನ್ ಲೈನಿನಲ್ಲಿ ಇಂಟರ್‌ನೆಟ್ ಜೋಡಿಸುತ್ತಿದ್ದ ಡಯಲ್-ಅಪ್ ಮೋಡೆಮ್‌ನ ಕಿರ್ರ್ ಸದ್ದು ಕೇಳಿದರೆ ನನಗೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತ ಸೈಬರ್ ಕೆಫೆ ನೆನಪಾಗುತ್ತದೆ. ತಮ್ಮನಿಗೆ ಆ ನೆನಪೇ ಇಲ್ಲ, ಅವನಿಗೆ ಕಥೆ ಸ್ವಲ್ಪ ನಿಧಾನ ಅನಿಸಬಹುದು.

2018ರ ‘ಸರ್ಚಿಂಗ್’ ಬೇರೆಯೇ ಜಾತಿ. ನಿರ್ದೇಶಕ ಅನೀಶ್ ಚಾಗಂಟಿ ಇಡೀ ಕಥೆಯನ್ನು ಕಂಪ್ಯೂಟರ್, ಫೋನ್ ಪರದೆಗಳಲ್ಲೇ ಹೇಳುತ್ತಾರೆ. ಮಗಳು ಕಾಣೆಯಾಗುತ್ತಾಳೆ. ಅಪ್ಪ ಅವಳ ಲ್ಯಾಪ್‌ಟಾಪ್ ತೆರೆದು ಪಾಸ್‌ವರ್ಡ್ ಬದಲಿಸುತ್ತಾ ಒಂದೊಂದೇ ಖಾತೆಯೊಳಗೆ ಹೋಗುತ್ತಾನೆ. ಹಳೇ ಸಿನಿಮಾಗಳ ಹ್ಯಾಕರ್ ಹಾಗೆ ಸುಮ್ನೆ ಕೀಲಿ ಕುಟ್ಟುವುದಿಲ್ಲ, ನಾವೂ ಮಾಡುವ ಕೆಲಸವೇ ಅಲ್ವಾ? ನನಗೆ ಹಿಡಿಸಿದ್ದು ಇನ್ನೊಂದು: ಅವನು ಒಂದು ಸಾಲು ಬರೆಯುತ್ತಾನೆ, ಕಳಿಸದೆ ಅಳಿಸುತ್ತಾನೆ. ಮುಖ ಕಾಣದಿದ್ದರೂ ಸಂಕಟ ಗೊತ್ತಾಗುತ್ತದೆ. ಆದರೆ ಫೋನಿನಲ್ಲಿ ನೋಡಬೇಡಿ, ಸಣ್ಣ ಅಕ್ಷರ ಜಾಸ್ತಿ.

ಅಮ್ಮನೂ ಜೊತೆಗೆ ಗೋಳಿಬಜೆ ಹಿಡಿದು ಕೂರುವುದಾದರೆ ಮೊದಲನೆಯದು. ತಮ್ಮನಿಗೆ ನಾನು ‘ಸರ್ಚಿಂಗ್’ ಅಂದೆ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟುಕೋ ಅಂತಲೂ ಹೇಳಿದೆ.