‘ಅಟ್ ಫಿಲ್ಮೋರ್ ಈಸ್ಟ್’: ಬಹುಕಾಲದ ಕೇಳುಗನೊಬ್ಬನ ವಿಮರ್ಶೆ

ಅಮೆರಿಕದ ರಾಕ್ ತಂಡ ಆಲ್ಮನ್ ಬ್ರದರ್ಸ್ ಬ್ಯಾಂಡ್ 1971ರಲ್ಲಿ ಹೊರತಂದ ‘ಅಟ್ ಫಿಲ್ಮೋರ್ ಈಸ್ಟ್’ ಆಲ್ಬಂ ನನ್ನ ಬಳಿ ಮೂರು ರೂಪಗಳಲ್ಲಿದೆ. ಒಂದೇ ಸಿಡಿಯಲ್ಲಿ ಅಡಕವಾದ ಮೂಲ ಆವೃತ್ತಿ ಮೊದಲು ಬಂತು, 2014ರಲ್ಲಿ ಬಿಡುಗಡೆಯಾದ ಆರು ಸಿಡಿಗಳ ಪೆಟ್ಟಿಗೆಯನ್ನು ಆಮೇಲೆ ಕೊಂಡೆ, ಪ್ರಯಾಣಕ್ಕೆ ಸ್ಟ್ರೀಮಿಂಗ್ ಇದ್ದೇ ಇದೆ. ಗಿಟಾರ್ ಕಲಿಯುವವರು ಇದನ್ನು ಸಾಮಾನ್ಯವಾಗಿ ಗಿಟಾರಿಗಾಗಿಯೇ ಕೊಳ್ಳುತ್ತಾರೆ; ನಾನೂ ಹಾಗೆಯೇ ಕೊಂಡವನು. ಆದರೆ ಬರಿಯ ಕೈಚಳಕವಾಗಿದ್ದರೆ ಇಷ್ಟು ವರ್ಷ ಬಾಳುತ್ತಿರಲಿಲ್ಲ. ನುಡಿಸಿದ ಆರು ಜನ ಬೇರೆ ಬೇರೆ ದಾರಿಗಳಿಂದ ಬಂದವರು, ಮತ್ತು ಆ ದಾರಿಗಳನ್ನು ತಿಳಿದುಕೊಂಡಷ್ಟೂ ಅದೇ ಏಳು ಹಾಡುಗಳಲ್ಲಿ ಹೊಸದೇನೋ ಕೇಳಿಸುತ್ತದೆ ಎಂಬುದು ನನ್ನ ಅನುಭವ.

ಸದರ್ನ್ ರಾಕ್ ಎಂದು ಕರೆಯಲಾಗುವ ಪ್ರಕಾರದ ಅತ್ಯುತ್ತಮ ದಾಖಲೆ ಅಮೆರಿಕದ ದಕ್ಷಿಣದಲ್ಲಿ ಅಲ್ಲ, ನ್ಯೂಯಾರ್ಕಿನಲ್ಲಿ ತಯಾರಾಯಿತು. ಬಿಲ್ ಗ್ರಹಾಂ ನಡೆಸುತ್ತಿದ್ದ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ 1971ರ ಮಾರ್ಚ್ 12 ಮತ್ತು 13ರಂದು ನಡೆದ ಪ್ರದರ್ಶನಗಳಿಂದ ಆಯ್ದ ಹಾಡುಗಳು ಇದರಲ್ಲಿವೆ. ನಿರ್ಮಾಪಕ ಟಾಮ್ ಡೌಡ್, ತಾರುಣ್ಯದಲ್ಲಿ ಅಣುಬಾಂಬ್ ಯೋಜನೆಗೆ ಸಂಬಂಧಿಸಿದ ಭೌತಶಾಸ್ತ್ರದ ಕೆಲಸ ಮಾಡಿ, ಬಳಿಕ ಅಟ್ಲಾಂಟಿಕ್ ಸಂಸ್ಥೆಯ ಧ್ವನಿಮುದ್ರಣ ತಜ್ಞರಾದವರು. ಪ್ರದರ್ಶನ ಮುಗಿದ ಮೇಲೆ ವಾದಕರು ಡೌಡ್ ಜೊತೆ ಕುಳಿತು ಆಯಾ ರಾತ್ರಿಯ ಟೇಪುಗಳನ್ನು ಕೇಳಿ, ಯಾವ ಹಾಡನ್ನು ಮರುದಿನ ಮತ್ತೆ ನುಡಿಸಬೇಕೆಂದು ತೀರ್ಮಾನಿಸುತ್ತಿದ್ದರು. ತಂಡ ತನ್ನೊಡನೆ ಕರೆತಂದಿದ್ದ ಸ್ಯಾಕ್ಸೊಫೋನ್ ಬಳಗ ಡೌಡ್‌ಗೆ ಒಪ್ಪಿಗೆಯಾಗಲಿಲ್ಲ, ಅದು ಆಲ್ಬಮ್ಮಿಗೆ ಬರಲಿಲ್ಲ. ಪೆಟ್ಟಿಗೆಯ ಸಿಡಿಗಳಲ್ಲಿ ಅದನ್ನು ಈಗ ಕೇಳಬಹುದು. ಕೇಳಿದವರು ಡೌಡ್ ಪರವಾಗಿಯೇ ನಿಲ್ಲುತ್ತಾರೆ ಎಂದು ನನ್ನ ಅಂದಾಜು.

ತಂಡದ ಗಿಟಾರ್ ವಾದಕ ಡ್ವೇನ್ ಆಲ್ಮನ್ 1946ರಲ್ಲಿ ನ್ಯಾಶ್ವಿಲ್‌ನಲ್ಲಿ ಹುಟ್ಟಿದರು; ತಂಡದ ಗಾಯಕ, ಆರ್ಗನ್ ವಾದಕ ಆದ ತಮ್ಮ ಗ್ರೆಗ್ ಒಂದು ವರ್ಷ ಚಿಕ್ಕವರು. 1949ರ ಕ್ರಿಸ್ಮಸ್ ಮರುದಿನ, ಸೇನೆಯಲ್ಲಿದ್ದ ತಂದೆಯನ್ನು ಅವರು ಕಾರಿನಲ್ಲಿ ಹತ್ತಿಸಿಕೊಂಡಿದ್ದ ಅಪರಿಚಿತನೊಬ್ಬ ಕೊಂದ. ತಾಯಿ ಲೆಕ್ಕಪತ್ರದ ಓದಿಗೆ ತೊಡಗಿ, ಮಕ್ಕಳಿಬ್ಬರನ್ನೂ ಸೈನಿಕ ಶಾಲೆಗೆ ಸೇರಿಸಿದರು. 1959ರಲ್ಲಿ ಕುಟುಂಬ ಫ್ಲಾರಿಡಾದ ಡೇಟೋನಾ ಬೀಚಿಗೆ ಬಂತು. ಅಣ್ಣತಮ್ಮಂದಿರು ಆಲ್ಮನ್ ಜಾಯ್ಸ್ ಎಂಬ ತಂಡ ಕಟ್ಟಿ ಊರೂರು ಸುತ್ತಿದರು, ಲಾಸ್ ಏಂಜಲೀಸಿಗೆ ಹೋಗಿ ಅವರ್ ಗ್ಲಾಸ್ ಎಂಬ ಹೆಸರಿನಲ್ಲಿ ಎರಡು ಆಲ್ಬಂ ಮಾಡಿದರು. ಕಂಪನಿ ಬಯಸಿದ ಪಾಪ್ ಹಾಡುಗಳು ಅವರಿಗೆ ಒಗ್ಗಲಿಲ್ಲ. ಡ್ವೇನ್ ಅಲ್ಲಿಂದ ಹಿಂದಿರುಗಿ ಅಲಬಾಮಾದ ಮಸಲ್ ಶೋಲ್ಸ್‌ನ ಫೇಮ್ ಸ್ಟುಡಿಯೋದಲ್ಲಿ ಕೂಲಿ ಗಿಟಾರಿಗನಂತೆ ದುಡಿದರು. ವಿಲ್ಸನ್ ಪಿಕೆಟ್, ಅರೆತಾ ಫ್ರಾಂಕ್ಲಿನ್, ಕಿಂಗ್ ಕರ್ಟಿಸ್ ಮುಂತಾದವರ ಧ್ವನಿಮುದ್ರಣಗಳಲ್ಲಿ ಅವರ ಗಿಟಾರ್ ಇದೆ. ಹಾಡುಗಾರನ ಸಾಲು ಮುಗಿಯುವ ತನಕ ಕಾದು, ಉಳಿದ ಜಾಗದಲ್ಲಿ ಮಾತ್ರ ಉತ್ತರ ಕೊಡುವ ಶಿಸ್ತು ಅಲ್ಲಿ ಬಂದದ್ದು. ‘ಸ್ಟಾರ್ಮಿ ಮಂಡೇ’ ಹಾಡಿನಲ್ಲಿ ತಮ್ಮ ಹಾಡುತ್ತಿರುವಾಗ ಅಣ್ಣ ಎಷ್ಟು ಕಡಿಮೆ ನುಡಿಸುತ್ತಾರೆ ಎಂಬುದನ್ನು ಗಮನಿಸಿದರೆ ಆ ದಿನಗಳ ಬೆಲೆ ತಿಳಿಯುತ್ತದೆ.

ಆಲ್ಬಂ ತೆರೆಯುವ ‘ಸ್ಟೇಟ್ಸ್‌ಬರೋ ಬ್ಲೂಸ್’ ಜಾರ್ಜಿಯಾದ ಅಂಧ ಗಾಯಕ ಬ್ಲೈಂಡ್ ವಿಲ್ಲಿ ಮ್ಯಾಕ್‌ಟೆಲ್ 1928ರಲ್ಲಿ ಮುದ್ರಿಸಿದ ಹಾಡು. ಡ್ವೇನ್‌ಗೆ ಅದು ಸಿಕ್ಕಿದ್ದು ತಾಜ್ ಮಹಲ್ ಎಂಬ ಹೆಸರಿನ ಅಮೆರಿಕನ್ ಬ್ಲೂಸ್ ಗಾಯಕರ ಮೂಲಕ. ಹುಟ್ಟುಹಬ್ಬದ ಹೊತ್ತಿಗೆ ಕಾಯಿಲೆಯಿಂದ ಇದ್ದ ಅಣ್ಣನಿಗೆ ಗ್ರೆಗ್ ಆ ಗಾಯಕರ ಆಲ್ಬಮನ್ನೂ ಶೀತಕ್ಕೆ ಕೊಡುವ ಕೊರಿಸಿಡಿನ್ ಮಾತ್ರೆಗಳ ಗಾಜಿನ ಸೀಸೆಯನ್ನೂ ತಂದುಕೊಟ್ಟರಂತೆ. ಮಾತ್ರೆಗಳನ್ನು ಹೊರಗೆ ಸುರಿದು ಖಾಲಿ ಸೀಸೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಡ್ವೇನ್ ಸ್ಲೈಡ್ ನುಡಿಸಲು ಕಲಿತರು. ಚಿತ್ರವೀಣೆಯನ್ನು ಕೇಳಿ ಬಲ್ಲ ಕನ್ನಡಿಗರಿಗೆ ಇದರಲ್ಲಿ ಅಪರಿಚಿತವಾದದ್ದು ಏನೂ ಇಲ್ಲ: ಮೆಟ್ಟಿಲಿನಲ್ಲಿ ನಿಲ್ಲದೆ ತಂತಿಯ ಮೇಲೆ ಜಾರುತ್ತಾ, ಸ್ವರವನ್ನು ತಲುಪುವ ಹಾದಿಯನ್ನೇ ಕೇಳಿಸುವ ಕೆಲಸ ಎರಡೂ ಕಡೆ ಇದೆ. ಇದು ನನ್ನ ಕಲ್ಪನೆ ಮಾತ್ರವಲ್ಲ. ಇದೇ ತಾಜ್ ಮಹಲ್ 1995ರಲ್ಲಿ, ಮೈಸೂರಿನಲ್ಲಿ ಹುಟ್ಟಿದ ಚಿತ್ರವೀಣಾ ವಾದಕ ಎನ್. ರವಿಕಿರಣ್ ಮತ್ತು ಮೋಹನವೀಣಾ ವಾದಕ ವಿ.ಎಂ. ಭಟ್ ಅವರೊಂದಿಗೆ ‘ಮುಮ್ತಾಜ್ ಮಹಲ್’ ಎಂಬ ಆಲ್ಬಂ ಮಾಡಿದ್ದಾರೆ. ಎರಡನ್ನೂ ಒಂದೇ ಸಂಜೆ ಕೇಳುವುದು ಒಳ್ಳೆಯ ಅಭ್ಯಾಸ.

ನನ್ನ ಮಟ್ಟಿಗೆ ಈ ಆಲ್ಬಮ್ಮಿನ ನಿಜವಾದ ಬೆನ್ನೆಲುಬು ಜೇಮೋ. ಮಿಸಿಸಿಪ್ಪಿಯಲ್ಲಿ ಹುಟ್ಟಿದ ಈ ಕಪ್ಪು ಡ್ರಮ್ ವಾದಕ ಓಟಿಸ್ ರೆಡ್ಡಿಂಗ್, ಪರ್ಸಿ ಸ್ಲೆಜ್ ಮೊದಲಾದ ಗಾಯಕರ ತಂಡಗಳಲ್ಲಿ ನುಡಿಸಿ ಬಂದವರು. ರೆಡ್ಡಿಂಗ್ ಅವರ ಮ್ಯಾನೇಜರ್ ಆಗಿದ್ದ ಫಿಲ್ ವಾಲ್ಡನ್ ಜಾರ್ಜಿಯಾದ ಮೇಕನ್ ಊರಿನಲ್ಲಿ ಕ್ಯಾಪ್ರಿಕಾರ್ನ್ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಕಟ್ಟುತ್ತಿದ್ದಾಗ ಡ್ವೇನ್‌ಗೆ ಮೊದಲು ಜೊತೆಯಾದವರು ಇವರೇ. ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್ ಅವರ ಜಾಝ್ ಸಂಗೀತವನ್ನು ತಂಡದ ಕಿವಿಗೆ ಹಾಕಿದವರೂ ಇವರೇ. 1969ರಲ್ಲಿ ಜಾರ್ಜಿಯಾದಂಥ ಕಡೆ ಕಪ್ಪು ಮತ್ತು ಬಿಳಿಯ ವಾದಕರು ಒಂದೇ ಮನೆಯಲ್ಲಿ ಇದ್ದು, ಒಂದೇ ವ್ಯಾನಿನಲ್ಲಿ ತಿರುಗುವುದು ಸಲೀಸಾದ ಸಂಗತಿಯಾಗಿರಲಿಲ್ಲ. ಈ ತಂಡಕ್ಕೆ ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಊಟ ಹಾಕಿದ್ದು ಮೇಕನ್‌ನ ‘ಎಚ್ ಅಂಡ್ ಎಚ್’ ಹೋಟೆಲಿನ ಕಪ್ಪು ಮಹಿಳೆ ಲೂಯಿಸ್ ಹಡ್ಸನ್; ಎಲ್ಲರೂ ಅವರನ್ನು ಮಾಮಾ ಲೂಯಿಸ್ ಎಂದೇ ಕರೆಯುತ್ತಿದ್ದರು. ಮುಂದೆ ಸದರ್ನ್ ರಾಕ್ ಹೆಸರಿನಲ್ಲಿ ಹಲವರು, ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದ ರಾಜ್ಯಗಳ ‘ಕಾನ್ಫೆಡರೇಟ್’ ಬಾವುಟ ಬೀಸಿದ್ದನ್ನು ನೋಡುವಾಗ ಈ ಹಿನ್ನೆಲೆ ನೆನಪಾಗುತ್ತದೆ. ಎರಡನೆಯ ಡ್ರಮ್ ವಾದಕ, ಜ್ಯಾಕ್ಸನ್ವಿಲ್‌ನ ಬುಚ್ ಟ್ರಕ್ಸ್, ನೇರವಾಗಿ ಓಡುವ ಬಂಡಿಯನ್ನು ಹಿಡಿದಿದ್ದರೆ ಜೇಮೋ ಅದರ ಸುತ್ತ ಜಾಝ್‌ನ ಒಳಲಯಗಳನ್ನು ಹೆಣೆಯುತ್ತಾರೆ. ಹೆಡ್‌ಫೋನಿನಲ್ಲಿ ಇದು ಸ್ಪಷ್ಟವಾಗಿ ತಿಳಿಯುತ್ತದೆ, ಫೋನಿನ ಸ್ಪೀಕರಿನಲ್ಲಿ ಕಳೆದೇ ಹೋಗುತ್ತದೆ.

ಕೊನೆಯ ಹಾಡು ‘ವಿಪ್ಪಿಂಗ್ ಪೋಸ್ಟ್’ 23 ನಿಮಿಷಗಳದ್ದು. ಸ್ಟುಡಿಯೋದಲ್ಲಿ ಇದು ಐದು ನಿಮಿಷದ ಹಾಡಾಗಿತ್ತು. ಬರೆದುಕೊಳ್ಳಲು ಕಾಗದ ಸಿಗದೆ, ಬೆಂಕಿಕಡ್ಡಿಯ ಸುಟ್ಟ ತುದಿಯಿಂದ ಇಸ್ತ್ರಿ ಹಲಗೆಯ ಬಟ್ಟೆಯ ಮೇಲೆ ಸಾಲುಗಳನ್ನು ಗೀಚಿಕೊಂಡೆನೆಂದು ಗ್ರೆಗ್ ಹೇಳಿಕೊಂಡಿದ್ದಾರೆ. ಬೆರಿ ಓಕ್ಲಿ ಅವರ ಬೇಸ್ ಗಿಟಾರ್ ಆರಂಭಿಸುವ ಆವರ್ತನ 11 ಎಣಿಕೆಗಳದ್ದು: ಮೂರು, ಮೂರು, ಮೂರು, ಎರಡು. ತೊಡೆಯ ಮೇಲೆ ತಾಳ ಹಾಕಿಕೊಂಡು ಬೆಳೆದವರು ಎರಡನೆಯ ಸುತ್ತಿನಲ್ಲೇ ಅದನ್ನು ಹಿಡಿಯುತ್ತಾರೆ. ಅದು 11 ಎಂದು ರಚಿಸಿದ ಗ್ರೆಗ್‌ಗೇ ಗೊತ್ತಿರಲಿಲ್ಲ, ಅಣ್ಣ ಎಣಿಸಿ ತೋರಿಸಬೇಕಾಯಿತು ಎಂಬುದು ನನಗೆ ತುಂಬಾ ಇಷ್ಟವಾದ ವಿವರ.

ತಂಡದ ಇನ್ನೊಬ್ಬ ಗಿಟಾರ್ ವಾದಕ ಡಿಕಿ ಬೆಟ್ಸ್ ಫ್ಲಾರಿಡಾದವರು, ಪಿಟೀಲು ನುಡಿಸುವ ತಂದೆಯ ಮನೆಯಲ್ಲಿ ಬ್ಲೂಗ್ರಾಸ್ ಮತ್ತು ಹಳ್ಳಿಯ ನೃತ್ಯಸಂಗೀತ ಕೇಳಿ ಬೆಳೆದವರು. ಅವರು ರಚಿಸಿದ ‘ಇನ್ ಮೆಮೊರಿ ಆಫ್ ಎಲಿಜಬೆತ್ ರೀಡ್’ 13 ನಿಮಿಷದ ವಾದ್ಯಸಂಗೀತ. ಹೆಸರು ಮೇಕನ್‌ನ ರೋಸ್ ಹಿಲ್ ಸ್ಮಶಾನದ ಒಂದು ಸಮಾಧಿಕಲ್ಲಿನಿಂದ ಬಂದದ್ದು. ಎರಡು ಗಿಟಾರುಗಳು ಒಂದೇ ಮಟ್ಟನ್ನು ಬೇರೆ ಬೇರೆ ಸ್ವರಗಳಿಂದ ಜೋಡಿಯಾಗಿ ನುಡಿಸುವ ಕ್ರಮ ಇಲ್ಲಿ ಪೂರ್ಣರೂಪ ಪಡೆದಿದೆ. ಡ್ವೇನ್ ಹೆಸರಿನ ನೆರಳಿನಲ್ಲಿ ಬೆಟ್ಸ್ ಅವರನ್ನು ಎರಡನೆಯವರೆಂದು ಎಣಿಸುವುದು ಅನ್ಯಾಯ ಎಂಬ ನನ್ನ ಅಭಿಪ್ರಾಯ ವರ್ಷಗಳು ಕಳೆದಂತೆ ಗಟ್ಟಿಯಾಗಿದೆ.

ಕೊರತೆಗಳೂ ಇವೆ. ‘ಯೂ ಡೋಂಟ್ ಲವ್ ಮೀ’ 19 ನಿಮಿಷ ಎಳೆಯುತ್ತದೆ. ಸದ್ದಡಗಿದ ಹೊತ್ತಿನಲ್ಲಿ ಪ್ರೇಕ್ಷಕನೊಬ್ಬ ರಾತ್ರಿಯಿಡೀ ನುಡಿಸಿ ಎಂದು ಕೂಗುವುದು ಹಿತವಾಗಿದ್ದರೂ, ನಡುವಿನ ಕೆಲವು ನಿಮಿಷಗಳಲ್ಲಿ ವಾದನ ದಿಕ್ಕಿಲ್ಲದೆ ಅಲೆಯುತ್ತದೆ. ಅದು ಎರಡು ಪ್ರದರ್ಶನಗಳನ್ನು ಬೆಸೆದು ಮಾಡಿದ್ದು ಎಂದು ತಿಳಿದ ಮೇಲೆ ಆ ಬೆಸುಗೆಯನ್ನು ಹುಡುಕುವ ಚಟವೂ ಅಂಟಿಕೊಳ್ಳುತ್ತದೆ. ಮೂಲ ಆವೃತ್ತಿಯ ‘ಸ್ಟಾರ್ಮಿ ಮಂಡೇ’ಯಲ್ಲಿ ಥಾಮ್ ಡೂಸೆಟ್ ಅವರ ಹಾರ್ಮೋನಿಕಾ ಭಾಗವನ್ನು ಕತ್ತರಿಸಲಾಗಿದೆ. ಗ್ರೆಗ್ ಅವರ ಹ್ಯಾಮಂಡ್ ಆರ್ಗನ್ ಹಲವೆಡೆ ಗಿಟಾರುಗಳ ಹಿಂದೆ ಮುಳುಗಿದೆ. ಆರು ಸಿಡಿಗಳ ಪೆಟ್ಟಿಗೆಯ ತೊಂದರೆ ಬೇರೆ: ಮಾರ್ಚ್‌ನ ನಾಲ್ಕು ಪ್ರದರ್ಶನಗಳ ಜೊತೆಗೆ, ಸಭಾಂಗಣ ಮುಚ್ಚಿದ ಜೂನ್ 27ರ ಪ್ರದರ್ಶನವೂ ಅದರಲ್ಲಿದೆ, ಪ್ರತಿಯೊಂದೂ ‘ಸ್ಟೇಟ್ಸ್‌ಬರೋ ಬ್ಲೂಸ್’ನಿಂದಲೇ ಶುರುವಾಗುತ್ತದೆ. ಒಂದೇ ಹಾಡು ದಿನದಿಂದ ದಿನಕ್ಕೆ ಹೇಗೆ ಬದಲಾಯಿತು ಎಂದು ಪರೀಕ್ಷಿಸುವವರಿಗೆ ಅದು ನಿಧಿ. ಊಟದ ಹೊತ್ತಿಗೆ ಹಿನ್ನೆಲೆಯಲ್ಲಿ ಏನಾದರೂ ಇರಲಿ ಎನ್ನುವವರಿಗೆ ದಂಡದ ಖರ್ಚು.

ಈ ಆಲ್ಬಮ್ಮಿಗೆ ಹೆಚ್ಚಿನ ಮಾರಾಟಕ್ಕಾಗಿ ಕೊಡುವ ಚಿನ್ನದ ಮಾನ್ಯತೆ ದೊರೆತ 1971ರ ಅಕ್ಟೋಬರ್ ತಿಂಗಳಲ್ಲೇ, 29ರಂದು, ಡ್ವೇನ್ ಮೇಕನ್‌ನಲ್ಲಿ ಮೋಟಾರ್‌ಸೈಕಲ್ ಅಪಘಾತಕ್ಕೆ ಬಲಿಯಾದರು. 1972ರ ನವೆಂಬರ್ 11ರಂದು ಓಕ್ಲಿ, ಅಲ್ಲಿಂದ ಅನತಿ ದೂರದಲ್ಲಿ, ಅದೇ ರೀತಿ ತೀರಿಕೊಂಡರು. ಇಬ್ಬರಿಗೂ 24 ವರ್ಷ. ಉಳಿದವರ ವೃತ್ತಿಜೀವನ ಏರಿಳಿತಗಳದ್ದು. ಬೆಟ್ಸ್ ಅವರ ‘ರ‍್ಯಾಂಬ್ಲಿನ್ ಮ್ಯಾನ್’ 1973ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. 1975ರಲ್ಲಿ ತಂಡ ಜಿಮ್ಮಿ ಕಾರ್ಟರ್ ಅವರ ಅಧ್ಯಕ್ಷೀಯ ಪ್ರಚಾರಕ್ಕಾಗಿ ಹಣ ಕೂಡಿಸಲು ನುಡಿಸಿತು. ಮರುವರ್ಷ, ತಮ್ಮ ಸಹಾಯಕನ ವಿರುದ್ಧ ಮಾದಕವಸ್ತು ಮೊಕದ್ದಮೆಯಲ್ಲಿ ಗ್ರೆಗ್ ಸಾಕ್ಷಿ ನುಡಿದದ್ದು ತಂಡವನ್ನು ಒಡೆಯಿತು. 1989ರಲ್ಲಿ ಮತ್ತೆ ಒಂದಾಗಿ ಬಂದವರು ನ್ಯೂಯಾರ್ಕಿನ ಬೀಕನ್ ಥಿಯೇಟರಿನಲ್ಲಿ 200ಕ್ಕೂ ಹೆಚ್ಚು ಪ್ರದರ್ಶನ ನೀಡಿದರು. 2000ದಲ್ಲಿ ಬೆಟ್ಸ್ ಅವರನ್ನು ಫ್ಯಾಕ್ಸ್ ಮೂಲಕ ಹೊರಗಿಟ್ಟದ್ದು ಮಾತ್ರ ಈ ಕಥೆಯಲ್ಲಿ ನನಗೆ ಒಪ್ಪಲಾಗದ ಅಧ್ಯಾಯ. ಬೀಕನ್‌ನಲ್ಲಿ ತಂಡದ ಕೊನೆಯ ಪ್ರದರ್ಶನ 2014ರ ಅಕ್ಟೋಬರ್ 28ರಂದು ಶುರುವಾಗಿ, ಡ್ವೇನ್ ತೀರಿಕೊಂಡ ತಾರೀಖಾದ 29ಕ್ಕೆ ದಾಟಿತು. ಟ್ರಕ್ಸ್ ಮತ್ತು ಗ್ರೆಗ್ 2017ರಲ್ಲಿ, ಬೆಟ್ಸ್ 2024ರಲ್ಲಿ ನಿಧನರಾದರು. ಮೂಲದ ಆರು ಜನರಲ್ಲಿ ಉಳಿದವರು ಜೇಮೋ ಒಬ್ಬರೇ.

ಬುಚ್ ಅವರ ಸೋದರನ ಮಗ ಡೆರೆಕ್ ಟ್ರಕ್ಸ್ 1999ರಿಂದ ಈ ತಂಡದಲ್ಲಿ ಸ್ಲೈಡ್ ನುಡಿಸಿದವರು, ಅಲಿ ಅಕ್ಬರ್ ಖಾನ್ ಅವರು ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದ ಸಂಗೀತ ಕಾಲೇಜಿನಲ್ಲಿ ಅಭ್ಯಾಸ ಮಾಡಿದವರು. ಅವರ ನುಡಿಸಾಣಿಕೆಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಸರೋದಿನ ಮೀಂಡನ್ನು ಗುರುತಿಸುವುದು ನಮ್ಮ ಕಡೆಯ ಕೇಳುಗರಿಗೆ ಕಷ್ಟವಲ್ಲ.

ಮೊದಲ ಸಲ ಕೊಳ್ಳುವವರು ಒಂದೇ ಸಿಡಿಯ ಮೂಲ ಆವೃತ್ತಿಯನ್ನೇ ಆರಿಸಿಕೊಳ್ಳಲಿ, ಅಥವಾ ಸ್ಟ್ರೀಮಿಂಗಿನಲ್ಲಿ ಅದೇ ಏಳು ಹಾಡುಗಳ ಪಟ್ಟಿಯನ್ನು ಹುಡುಕಿಕೊಳ್ಳಲಿ. ಮಧ್ಯೆ ತಡೆಯದೆ ಕೇಳಲು ಒಂದೂಕಾಲು ಗಂಟೆ ಬಿಡುವು ಬೇಕು. ‘ವಿಪ್ಪಿಂಗ್ ಪೋಸ್ಟ್’ ಮುಗಿಯುವಾಗ ಚಪ್ಪಾಳೆಯ ಕೆಳಗೆ ಬುಚ್ ಅವರ ಟಿಂಪನಿ ಎಂಬ ದೊಡ್ಡ ಡ್ರಮ್ ನಿಲ್ಲದೆ ಇನ್ನೊಂದು ಮಟ್ಟಿಗೆ ಹೊರಳುತ್ತದೆ, ಅಷ್ಟರಲ್ಲಿ ಧ್ವನಿ ಕ್ಷೀಣವಾಗುತ್ತದೆ. ಅದು ‘ಮೌಂಟನ್ ಜ್ಯಾಮ್’ನ ಮೊದಲ ಕ್ಷಣಗಳು. ಅದರ 33 ನಿಮಿಷಗಳ ಪೂರ್ಣ ಪಾಠ 1972ರ ‘ಈಟ್ ಎ ಪೀಚ್’ ಆಲ್ಬಮ್ಮಿನಲ್ಲಿದೆ, ಆದ್ದರಿಂದ ಇದನ್ನು ಕೊಳ್ಳುವವರು ಅದರ ಖರ್ಚನ್ನೂ ಲೆಕ್ಕದಲ್ಲಿ ಸೇರಿಸಿಕೊಂಡಿರುವುದು ಒಳ್ಳೆಯದು.