ಒಂದು ಟಿಬಿ ಡಿಸ್ಕ್, ಮೂರು ಫೋನ್, ನಾಲ್ಕು ವರ್ಷ

2021ರ ಆಯುಧಪೂಜೆಗೆ ಎರಡು ದಿನ ಇದೆ ಅನ್ನುವಾಗ ಮೈಸೂರಿನ ದೇವರಾಜ ಅರಸು ರಸ್ತೆ ಕಡೆಯ ಒಂದು ಅಂಗಡಿಯಲ್ಲಿ ಈ ಹಾರ್ಡ್ ಡಿಸ್ಕ್ ಕೊಂಡೆ. ಎರಡೂವರೆ ಇಂಚಿನದು, ಒಂದು ಟಿಬಿ (ಅಂದರೆ ಸಾವಿರ ಜಿಬಿ), ಒಳಗೆ ತಟ್ಟೆ ತಿರುಗುವ ಹಳೇ ಥರದ್ದು. ಬೆಲೆ ನಾಲ್ಕು ಸಾವಿರದ ಒಳಗೆ. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಕೆಳಗೆ ಹೇಳುವ ತಾಪತ್ರಯದಲ್ಲಿ ಮುಕ್ಕಾಲು ಪಾಲು ಈ ಜಾತಿಯ ಯಾವ ಡಿಸ್ಕ್ ತಂದರೂ ತಪ್ಪುವುದಿಲ್ಲ. ಆ ವರ್ಷ ಜೂನ್ 1ಕ್ಕೆ ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದೆ ಪುಕ್ಕಟೆ ಇಡುವ ಕಾಲ ಮುಗಿದಿತ್ತು. 15 ಜಿಬಿ ತುಂಬಿದ ಮೇಲೆ ತಿಂಗಳು ತಿಂಗಳು ದುಡ್ಡು ಕಟ್ಟುವುದಕ್ಕಿಂತ ಒಂದು ಸಲ ಡಿಸ್ಕ್ ತಂದುಬಿಡೋಣ ಅಂದುಕೊಂಡೆ. ನನ್ನ ಆಂಡ್ರಾಯ್ಡ್, ಅಪ್ಪನ ಹಳೇ ಆಂಡ್ರಾಯ್ಡ್, ಹೆಂಡತಿಯ ಐಫೋನ್ ಮೂರೂ ಅದರಲ್ಲೇ ಇರಲಿ ಎಂಬ ಲೆಕ್ಕ.

ಮಂಡ್ಯಕ್ಕೆ ತಂದು ಲ್ಯಾಪ್‌ಟಾಪಿಗೆ ಹಾಕಿದರೆ 931 ಜಿಬಿ ಅಂತ ತೋರಿಸಿತು. ಕಬ್ಬಿನ ಲೋಡು ಹಾಕಿಕೊಂಡು ವೇ ಬ್ರಿಡ್ಜಿನ ಮುಂದೆ ನಿಂತು ಅಭ್ಯಾಸವಿರುವ ಅಪ್ಪ ಬಗ್ಗಿ ನೋಡಿ, "ಏನ್ಲಾ, ಸಾವ್ರಕ್ಕೆ ದುಡ್ಡು ಇಸ್ಕಂಡು ಮಿಕ್ಕಿದ್ದ ಅವ್ನೇ ಮಡಿಕ್ಕಂಡವ್ನಾ?" ಅಂದರು. ಡಬ್ಬಿಯ ಮೇಲೆ ಬರೆಯುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಮಾಲು ಅಷ್ಟೇ ಇದೆ ಅಂತ ಹೇಳಿದೆ. ಒಪ್ಪಲಿಲ್ಲ. ಪೂಜೆಯ ದಿನ ಮಾತ್ರ ಟ್ರ್ಯಾಕ್ಟರಿನ ಜೊತೆ ಇದಕ್ಕೂ ಅರಿಶಿನ ಕುಂಕುಮ ಇಟ್ಟರು. ಕೇಬಲ್ ಹಾಕುವ ಬಾಯಿಗೆ ಕುಂಕುಮ ಉದುರದಂತೆ ನಾನು ಕೈ ಅಡ್ಡ ಹಿಡಿದಿದ್ದೆ.

ಮೊದಲ ತೊಂದರೆ ವಾರದೊಳಗೇ ಬಂತು. ಟೀವಿಯಲ್ಲೂ ಓಡಲಿ ಅಂತ ಅಂಗಡಿಯ ಹುಡುಗ ಡಿಸ್ಕನ್ನು ಫ್ಯಾಟ್32ಗೆ (ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಒಂದು ಹಳೇ ಪದ್ಧತಿ) ಫಾರ್ಮ್ಯಾಟ್ ಮಾಡಿಕೊಟ್ಟಿದ್ದ. ನನ್ನ ಫೋನಿನ ಫೋಟೋಗಳನ್ನೆಲ್ಲ ಸೇರಿಸಿ ಒಂದೇ ಜಿಪ್ ಫೈಲ್ ಮಾಡಿ ಕಳಿಸಿದರೆ ಅರ್ಧ ದಾರಿಯಲ್ಲಿ ನಿಂತು, ಜಾಗ ಸಾಲದು ಅಂತ ಬರುತ್ತಿತ್ತು. ಒಂಬೈನೂರು ಜಿಬಿ ಖಾಲಿ ಬಿದ್ದಿದೆ, ಜಾಗ ಸಾಲದಂತೆ! ಎರಡು ರಾತ್ರಿ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ನನ್ನ ಜಿಪ್ ಆರು ಜಿಬಿಗೂ ಮೇಲಿತ್ತು. ಎಲ್ಲ ಖಾಲಿ ಮಾಡಿ, ಆ ಮಿತಿ ಕಾಡದ ಎಕ್ಸ್‌ಫ್ಯಾಟ್ ಪದ್ಧತಿಗೆ ಬದಲಿಸಿದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಪದ್ಧತಿ ಮಾಡಬಹುದಿತ್ತು, ಆದರೆ ನಮ್ಮ ಫೋನ್‌ಗಳು ಅದನ್ನು ಓದುತ್ತಿರಲಿಲ್ಲ.

ಫೋನಿಗೆ ಒಟಿಜಿ (ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಸಣ್ಣ ಕನೆಕ್ಟರ್) ಹಾಕಿ ಡಿಸ್ಕನ್ನು ನೇರ ಸಿಕ್ಕಿಸಿದರೆ ಇನ್ನೊಂದು ಕಥೆ. ದೀಪ ಮಿಣಕ್ ಅನ್ನುತ್ತದೆ, ಒಳಗಿನಿಂದ ಟಿಕ್, ಟಿಕ್, ಟಿಕ್ ಅಂತ ಸದ್ದು, ಅಷ್ಟೇ. ಡಿಸ್ಕ್ ಕೆಟ್ಟಿಲ್ಲ, ತಟ್ಟೆ ತಿರುಗಿಸಲು ಬೇಕಾದ ಕರೆಂಟು ಫೋನಿನಿಂದ ಬರುತ್ತಿಲ್ಲ. ಯುಎಸ್‌ಬಿ 3ರ ಕಿಂಡಿ 900 ಮಿಲಿಆಂಪ್ ಕೊಡಬೇಕು ಅಂತ ಲೆಕ್ಕ, ಅಪ್ಪನ ಫೋನು ಅದರ ಹತ್ತಿರಕ್ಕೂ ಬರುವುದಿಲ್ಲ. ಆ ಟಿಕ್ ಟಿಕ್ ಕೇಳಿಸಿದರೆ ತಕ್ಷಣ ಕಿತ್ತುಬಿಡಿ. ನಾನು ಅಡಾಪ್ಟರ್ ಇರುವ ಪವರ್ಡ್ ಹಬ್ ತಂದೆ. ಗೋಡೆಯ ಕರೆಂಟು ಹಬ್ಬಿಗೆ, ಹಬ್ಬಿನಿಂದ ಡಿಸ್ಕಿಗೆ. ಚೆನ್ನಾಗಿ ನಡೆಯಿತು. ಒಂದೂವರೆ ವರ್ಷ.

2023ರ ಮೇ ತಿಂಗಳು, ಸಂಜೆ ಮಳೆ. ನನ್ನ ಫೋನ್ ತುಂಬಿತ್ತು, ಹಬ್ ಹಾಕಿ ಎರಡು ವರ್ಷದ ಫೋಟೋಗಳನ್ನು ಡಿಸ್ಕಿಗೆ ಕಳಿಸುತ್ತಿದ್ದೆ. ಕಾಪಿ ಮಾಡಬೇಕಾದ ಕಡೆ, ಜಾಗ ಬೇಗ ಖಾಲಿಯಾಗಲಿ ಅಂತ ಮೂವ್ ಕೊಟ್ಟಿದ್ದೆ. ಇದು ಪೂರ್ತಿ ನನ್ನ ತಪ್ಪು. ಗುಡುಗಿತು, ಕರೆಂಟ್ ಹೋಯಿತು. ಲ್ಯಾಪ್‌ಟಾಪಿಗೆ ಹಾಕಿದ್ದರೆ ಬ್ಯಾಟರಿ ಇರುತ್ತಿತ್ತು. ಹಬ್ಬಿಗೆ ಗೋಡೆಯೇ ಗತಿ. ಬರೆಯುತ್ತಿದ್ದ ಡಿಸ್ಕು ಹಾಗೇ ಕಣ್ಣು ಮುಚ್ಚಿತು. ಎನ್‌ಟಿಎಫ್‌ಎಸ್ ತಾನು ಮಾಡಹೊರಟ ಬದಲಾವಣೆಯನ್ನು ಮೊದಲು ಒಂದು ಕಡೆ ಗುರುತು ಹಾಕಿಕೊಳ್ಳುತ್ತದೆ, ಮಧ್ಯದಲ್ಲಿ ಕೈಕೊಟ್ಟರೆ ಆ ಗುರುತು ಹಿಡಿದು ಸರಿಮಾಡಿಕೊಳ್ಳುತ್ತದೆ. ಎಕ್ಸ್‌ಫ್ಯಾಟ್‌ಗೆ ಆ ಲೆಡ್ಜರೇ ಇಲ್ಲ. ಕರೆಂಟ್ ಬಂದ ಮೇಲೆ ನೋಡಿದರೆ ಫೋಲ್ಡರ್ ಇದೆ, ತೆರೆದರೆ ಖಾಲಿ.

ಲ್ಯಾಪ್‌ಟಾಪಿನಲ್ಲಿ ಚೆಕ್‌ಡಿಸ್ಕ್ (ಡಿಸ್ಕ್ ತಪಾಸಣೆಗೆ ವಿಂಡೋಸಿನಲ್ಲೇ ಇರುವ ಸಾಧನ) ಓಡಿಸಿದೆ. 'ಫೌಂಡ್' ಅಂತ ಒಂದು ಫೋಲ್ಡರ್ ಹುಟ್ಟಿಕೊಂಡಿತು, ಒಳಗೆ ಸೊನ್ನೆ ಸೊನ್ನೆ ಸೊನ್ನೆ ಒಂದು, ಸೊನ್ನೆ ಸೊನ್ನೆ ಸೊನ್ನೆ ಎರಡು ಅಂತ ಹೆಸರು ಕಳೆದುಕೊಂಡ ಇನ್ನೂರಕ್ಕೂ ಹೆಚ್ಚು ಫೈಲುಗಳು, ಎಲ್ಲದರ ಬಾಲವೂ ಸಿಎಚ್‌ಕೆ. ಬಾಲ ತೆಗೆದು ಜೆಪಿಜಿ ಅಂತ ಬರೆದರೆ ಕೆಲವು ತೆರೆದವು, ಹೆಚ್ಚಿನವು ತೆರೆಯಲಿಲ್ಲ. ತೆರೆದದ್ದರಲ್ಲಿ ಒಂದು ನಮ್ಮ ದೊಡ್ಡಪ್ಪ ಆಲೆಮನೆಯಲ್ಲಿ ನಿಂತಿದ್ದ ಫೋಟೋ. ಮೇಲುಗಡೆ ಸೂರಿನ ತಗಡು, ಹಬೆ, ತಲೆಗೆ ಸುತ್ತಿದ ಟವಲ್ಲು, ಹೊಗೆಗೆ ಕಿರಿದಾದ ಕಣ್ಣು. ಭುಜದಿಂದ ಕೆಳಗೆ ಗೆರೆ ಎಳೆದಂತೆ ಪೂರ್ತಿ ಬೂದು ಬಣ್ಣ. ಕೈಯಲ್ಲಿ ಹಿಡಿದದ್ದೇನು, ಕೊಪ್ಪರಿಗೆಯಲ್ಲಿ ಪಾಕ ಎಷ್ಟಕ್ಕೆ ಬಂದಿತ್ತು, ಕಾಣುವುದಿಲ್ಲ.

ಅವತ್ತಿನಿಂದ ಫೋನು, ಲ್ಯಾಪ್‌ಟಾಪು, ಡಿಸ್ಕು ಅಂತ ಸುತ್ತು ದಾರಿ ಹಿಡಿದಿದ್ದೇನೆ. ಸುತ್ತು ದಾರಿಗೂ ಅದರದೇ ರೋಗವಿದೆ. ಕೇಬಲ್ ಹಾಕಿ ಫೋನಿನಿಂದ ಎಳೆದುಕೊಂಡಾಗ ಫೈಲಿನ ತಾರೀಕು ಎಷ್ಟೋ ಸಲ ಕಾಪಿ ಮಾಡಿದ ದಿನದ್ದಾಗಿಬಿಡುತ್ತದೆ. ಕ್ಯಾಮೆರಾದ ಫೋಟೋಗೆ ತಾರೀಕು ಒಳಗೇ ಬರೆದಿರುತ್ತದೆ, ಚಿಂತೆಯಿಲ್ಲ. ವಾಟ್ಸಾಪಿನಲ್ಲಿ ಬಂದದ್ದಕ್ಕೆ ಅದು ಇರುವುದಿಲ್ಲ, ಹೆಸರಿನಲ್ಲಿರುವ ಎಂಟು ಅಂಕಿಗಳೇ ಆಧಾರ. ಆದ್ದರಿಂದ ವಾಟ್ಸಾಪ್ ಫೋಟೋಗಳ ಹೆಸರು ಬದಲಿಸಬೇಡಿ.

ಐಫೋನ್ ವಿಚಾರಕ್ಕೆ ಬರುತ್ತೇನೆ, ನನ್ನ ಹೆಚ್ಚಿನ ಕೂದಲು ಉದುರಿದ್ದು ಇಲ್ಲೇ. ವಿಂಡೋಸಿನಲ್ಲಿ ಆಪಲ್‌ನ ಐಟ್ಯೂನ್ಸ್ ಸಾಫ್ಟ್‌ವೇರಿನಿಂದ ಬ್ಯಾಕಪ್ ತೆಗೆದರೆ ಅದು ಸಿ ಡ್ರೈವಿನಲ್ಲೇ ಮೊಬೈಲ್‌ಸಿಂಕ್ ಅನ್ನುವ ಫೋಲ್ಡರಿಗೆ ಹೋಗುತ್ತದೆ. ಬೇರೆ ಕಡೆ ಇಡು ಅನ್ನುವ ಆಯ್ಕೆ ಸೆಟ್ಟಿಂಗಿನಲ್ಲಿಲ್ಲ. ಲ್ಯಾಪ್‌ಟಾಪಿನ ಸಿ ಡ್ರೈವಿನಲ್ಲಿ ಉಳಿದದ್ದು ಇಪ್ಪತ್ತು ಜಿಬಿ, ಹೆಂಡತಿಯ ಬ್ಯಾಕಪ್ 38 ಜಿಬಿ. ದಾರಿ ಒಂದೇ: ಎಂಕೆಲಿಂಕ್ ಕಮ್ಯಾಂಡ್ ಕೊಟ್ಟು ಆ ಫೋಲ್ಡರಿನ ಜಾಗದಲ್ಲಿ ಒಂದು ಕೈಮರ ನಿಲ್ಲಿಸುವುದು. ಐಟ್ಯೂನ್ಸ್ ತಾನು ಸಿ ಡ್ರೈವಿಗೇ ಬರೆಯುತ್ತಿದ್ದೇನೆ ಅಂದುಕೊಂಡಿರುತ್ತದೆ, ಮಾಲು ಹೋಗಿ ಬೀಳುವುದು ಡಿಸ್ಕಿನಲ್ಲಿ. ಎರಡು ತಿಂಗಳು ಸೊಗಸಾಗಿತ್ತು. ಒಂದು ದಿನ ಪ್ರಿಂಟ್ ಹಾಕಿಸಲು ತಂದಿದ್ದ ಪೆನ್‌ಡ್ರೈವ್ ಮೊದಲೇ ಸಿಕ್ಕಿಸಿದ್ದೆ, ವಿಂಡೋಸ್ ಅಲ್ಲಿಯವರೆಗೆ ಡಿಸ್ಕಿಗೆ ಕೊಡುತ್ತಿದ್ದ 'ಇ' ಅಕ್ಷರವನ್ನು ಅದು ಹಿಡಿದುಕೊಂಡಿತು, ಡಿಸ್ಕು 'ಎಫ್' ಆಯಿತು. ಕೈಮರ ಮಾತ್ರ 'ಇ' ಕಡೆಗೇ ತೋರಿಸುತ್ತ ನಿಂತಿತ್ತು. ಬ್ಯಾಕಪ್ ಆಗಲಿಲ್ಲ ಅಂತ ಎರರ್. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಯಾರೂ ಕೇಳದ ಅಕ್ಷರ ಕೊಟ್ಟರೆ ಈ ಗೋಳು ಇಲ್ಲ. ನಾನು 'ಎಂ' ಕೊಟ್ಟಿದ್ದೇನೆ, ಮಂಡ್ಯ ಅಂತ.

ಆಮೇಲೆ ಗಮನಿಸಿದೆ, 38 ಜಿಬಿಯ ಬ್ಯಾಕಪ್ ಡಿಸ್ಕಿನಲ್ಲಿ 46 ಜಿಬಿ ತಿನ್ನುತ್ತಿದೆ. ಐಫೋನ್ ಬ್ಯಾಕಪ್ ಅಂದರೆ ಒಂದು ಫೈಲಲ್ಲ, ನಲವತ್ತು ಅಕ್ಷರದ ಅರ್ಥವಿಲ್ಲದ ಹೆಸರು ಹೊತ್ತ ಲಕ್ಷದಷ್ಟು ಚಿಲ್ಲರೆ ಫೈಲು. ದೊಡ್ಡ ಡಿಸ್ಕಿಗೆ ವಿಂಡೋಸ್ ಎಕ್ಸ್‌ಫ್ಯಾಟ್ ಮಾಡುವಾಗ ತಾನಾಗಿ 128 ಕೆಬಿಯ ಖಾನೆಗಳನ್ನು ಇಡುತ್ತದೆ. ಎರಡು ಕೆಬಿಯ ಫೈಲಿಗೂ ಒಂದು ಇಡೀ ಖಾನೆ, ಅರ್ಧ ಸೇರು ರಾಗಿಗೆ ಒಂದೊಂದು ಗೋಣಿಚೀಲ ಬಿಚ್ಚಿದ ಹಾಗೆ. ಎನ್‌ಟಿಎಫ್‌ಎಸ್‌ನಲ್ಲಿ ಖಾನೆ ಸಾಮಾನ್ಯವಾಗಿ 4 ಕೆಬಿ. ಕೊನೆಗೆ ಡಿಸ್ಕನ್ನು ಎರಡು ಪಾಲು ಮಾಡಿದೆ: ಫೋನ್, ಟೀವಿಗೆ ಎಕ್ಸ್‌ಫ್ಯಾಟ್, ಐಫೋನ್ ಬ್ಯಾಕಪ್ಪಿಗೆ ಎನ್‌ಟಿಎಫ್‌ಎಸ್. ಮೊದಲೇ ಮಾಡಿದ್ದರೆ ಎರಡು ಭಾನುವಾರ ಉಳಿಯುತ್ತಿತ್ತು.

ಪಾಸ್‌ವರ್ಡಿನದು ನಾಚಿಕೆಗೇಡಿನ ಕಥೆ. ಎನ್‌ಕ್ರಿಪ್ಟ್ (ಬ್ಯಾಕಪ್ಪಿಗೆ ಪಾಸ್‌ವರ್ಡಿನ ಬೀಗ) ಟಿಕ್ ಹಾಕಿದರೆ ಮಾತ್ರ ಉಳಿಸಿಟ್ಟ ಪಾಸ್‌ವರ್ಡು, ಆರೋಗ್ಯದ ದಾಖಲೆ ಎಲ್ಲ ಬ್ಯಾಕಪ್ಪಿಗೆ ಸೇರುತ್ತವೆ ಅಂತ ಟಿಕ್ ಹಾಕಿದೆ. ಪಾಸ್‌ವರ್ಡನ್ನು ಹೆಂಡತಿ ಒಂಟಿಕೊಪ್ಪಲ್ ಪಂಚಾಂಗದ ಕೊನೇ ಹಾಳೆಯಲ್ಲಿ, ಗ್ಯಾಸ್ ಬುಕ್ ಮಾಡಿದ ತಾರೀಕಿನ ಕೆಳಗೆ ಬರೆದಿಟ್ಟಳು. ಯುಗಾದಿಗೆ ಹೊಸ ಪಂಚಾಂಗ ಬಂತು. ಹಳೆಯದು ಹಳೇ ಪೇಪರಿನವನ ತಕ್ಕಡಿ ಹತ್ತಿತು. ನಾನು ಬೇರೆ ಎತ್ತಿಟ್ಟಿದ್ದ 2022ರ ಎರಡು ಬ್ಯಾಕಪ್ ಈಗಲೂ ಡಿಸ್ಕಿನಲ್ಲಿವೆ, ತೆರೆಯಲು ಯಾವ ಉಪಾಯವೂ ಇಲ್ಲ. ಫೋನಿನಲ್ಲಿ ರಿಸೆಟ್ ಆಲ್ ಸೆಟ್ಟಿಂಗ್ಸ್ ಕೊಟ್ಟರೆ ಹಳೇ ಪಾಸ್‌ವರ್ಡ್ ತೊಲಗುತ್ತದೆ, ಫೋಟೋ ಮೆಸೇಜು ಏನೂ ಹೋಗುವುದಿಲ್ಲ, ಹೊಸದಾಗಿ ಬ್ಯಾಕಪ್ ತೆಗೆಯಬಹುದು. ಜೋಡಿಸಿಟ್ಟಿದ್ದ ಆ್ಯಪ್‌ಗಳೆಲ್ಲ ಚೆಲ್ಲಾಪಿಲ್ಲಿಯಾದವು ಅಂತ ಅವಳು ಎರಡು ದಿನ ಮಾತು ಬಿಟ್ಟಳು, ಅದು ಬೇರೆ.

ಇಷ್ಟೆಲ್ಲ ಆದರೂ ಈ ಡಿಸ್ಕಿನ ಮೇಲೆ ನನಗೆ ಸಿಟ್ಟಿಲ್ಲ. 2024ರ ಶುರುವಿನಲ್ಲಿ ದೊಡ್ಡಪ್ಪ ತೀರಿಕೊಂಡರು. ಶ್ರೀರಂಗಪಟ್ಟಣದ ಹತ್ತಿರ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುವಾಗ ಅಪ್ಪ ಬಗ್ಗಿದರು, ಅಂಗಿ ಜೇಬಿನಲ್ಲಿದ್ದ ಫೋನು ಕಾವೇರಿ ಪಾಲಾಯಿತು. ಯಾರೂ ಏನೂ ಅನ್ನಲಿಲ್ಲ, ಅದು ಅನ್ನುವ ಹೊತ್ತಲ್ಲ. ಡಿಸ್ಕಿನಲ್ಲಿದ್ದದ್ದು ಮೂರು ವಾರ ಹಿಂದಿನ ಕಾಪಿ. ಅದೇ ನಂಬರಿನ ಸಿಮ್ ತೆಗೆಸಿ, ಹೊಸ ಫೋನಿನಲ್ಲಿ ವಾಟ್ಸಾಪ್ ತೆರೆಯುವ ಮುಂಚೆ ಹಳೇ ವಾಟ್ಸಾಪ್ ಫೋಲ್ಡರನ್ನು ಆಂಡ್ರಾಯ್ಡ್ ಒಳಗಿನ ಮೀಡಿಯಾ ಫೋಲ್ಡರಿನಲ್ಲಿ ಅದೇ ಜಾಗಕ್ಕೆ ಹಾಕಿದೆ. ಮೊದಲು ತೆರೆದು ಆಮೇಲೆ ಹಾಕಿದರೆ ಹುಡುಕುವುದಿಲ್ಲ, ಈ ಸರದಿ ಮುಖ್ಯ. ಬ್ಯಾಕಪ್ ಸಿಕ್ಕಿದೆ, ರಿಸ್ಟೋರ್ ಮಾಡಲೇ ಅಂತ ಕೇಳಿತು. ವಾಯ್ಸ್ ಮೆಸೇಜುಗಳೂ ಬಂದವು. "ನಾಲೆಗೆ ನೀರು ಬುಟ್ಟವ್ರಂತೆ ಕಣ್ಲಾ, ನಾಳೀಕೆ ಬತ್ತದೆ" ಅನ್ನುವ ದೊಡ್ಡಪ್ಪನ ಒಂದು ಮಾತನ್ನು ಅಪ್ಪ ಕಿವಿಗೆ ಹಿಡಿದು ಎರಡು ಸಲ ಕೇಳಿದರು. ಕೊನೆಯ ಮೂರು ವಾರದ್ದು ಇಲ್ಲ.

ಡಿಸ್ಕಿನ ಜೊತೆ ಬಂದ ಕೇಬಲ್ ಎರಡನೇ ವರ್ಷಕ್ಕೇ ಸಡಿಲವಾಯಿತು, ಮುಟ್ಟಿದರೆ ಕಡಿಯುತ್ತಿತ್ತು. ಡಿಸ್ಕಿನ ಕಡೆ ಅಗಲವಾದ ಎರಡು ತುಂಡಿನ ಬಾಯಿ ಇದೆ. ದೊಡ್ಡ ತುಂಡಿಗೆ ಮಾಮೂಲಿ ಮೈಕ್ರೋ ಯುಎಸ್‌ಬಿ ಕೂರುತ್ತದೆ ಅಂತ ಹಳೇ ಚಾರ್ಜರ್ ಕೇಬಲ್ ಹಾಕಿ ಮೋಸ ಹೋಗಬೇಡಿ, ಕೆಲಸ ಮಾಡುತ್ತದೆ, ಆದರೆ ಯುಎಸ್‌ಬಿ 2ರ ಆಮೆ ವೇಗದಲ್ಲಿ. ಡಿಸ್ಕಿಗೆ ನಾಲ್ಕು ಸ್ಟಾರ್ ಕೊಡುತ್ತೇನೆ, ಕೇಬಲ್ಲಿಗೆ ಒಂದು. ಮೂರು ವರ್ಷದ ವಾರಂಟಿ ಮುಗಿದಿದೆ. ಅದು ಇದ್ದಾಗಲೂ ಕೊಡುತ್ತಿದ್ದದ್ದು ಬೇರೆ ಡಿಸ್ಕನ್ನೇ ಹೊರತು ಒಳಗಿನ ಫೋಟೋಗಳನ್ನಲ್ಲ. ಮೊನ್ನೆ ಆರೋಗ್ಯ ತೋರಿಸುವ ಸಾಫ್ಟ್‌ವೇರ್ ಹಾಕಿ ನೋಡಿದೆ, ಕೆಟ್ಟ ಸೆಕ್ಟರ್ (ಡಿಸ್ಕಿನಲ್ಲಿ ಹಾಳಾದ ಜಾಗ) ಸೊನ್ನೆ.

ಎರಡನೆಯದಾಗಿ ಕಳೆದ ವರ್ಷ ಒಂದು ಸಣ್ಣ ಎಸ್‌ಎಸ್‌ಡಿ (ಚಿಪ್ಪಿನಲ್ಲಿ ಬರೆದಿಡುವ ಡಿಸ್ಕ್) ತಂದೆ. ತಟ್ಟೆ ಇಲ್ಲದ್ದರಿಂದ ನನ್ನ ಈಗಿನ ಫೋನಿಗೆ ಹಬ್ ಇಲ್ಲದೆ ನೇರ ಹೊಂದುತ್ತದೆ. ಆದರೆ ವರ್ಷಗಟ್ಟಲೆ ಕರೆಂಟ್ ಕೊಡದೆ ಬೀರುವಿನಲ್ಲಿಟ್ಟರೆ ಅದರೊಳಗಿನದು ಮಾಸಬಹುದು. ಹಾಗಾಗಿ ಅದು ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿರುತ್ತದೆ, ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಹೋದಾಗ ತಂದು, ಹೊಸದನ್ನೆಲ್ಲ ತುಂಬಿಸಿ, ದೀಪಾವಳಿಯ ಹೊತ್ತಿಗೆ ವಾಪಸ್ ಕೊಡುತ್ತೇನೆ.