ಭಾನುವಾರದ ರ‍್ಯಾಪಿಡ್‌ನಲ್ಲಿ ನಾಯ್ಡಾರ್ಫ್ ಯಾಕೆ ಕೈಕೊಡುತ್ತದೆ: ಕಾರೋ-ಕಾನ್ ಜೊತೆ ಒಂದು ಹೋಲಿಕೆ

ಬಿಳಿಯವರು ಇ4 (ರಾಜನ ಮುಂದಿನ ಪಾನ್, ಅಂದರೆ ಕಾಲಾಳು, ಎರಡು ಮನೆ ಮುಂದೆ; ಅಕ್ಷರ-ಅಂಕೆ ಬೋರ್ಡಿನ ಮನೆಯ ಹೆಸರು) ಆಡಿದರೆ ಕಪ್ಪಿನಲ್ಲಿ ಏನು ಆಡ್ತೀಯ ಅಂತ ಬೆಂಗಳೂರಿನ ಚೆಸ್ ಹುಡುಗರನ್ನು ಕೇಳಿ ನೋಡಿ, ಸಿಸಿಲಿಯನ್ (ಇ4ಗೆ ಸಿ5 ಉತ್ತರ) ಓಪನಿಂಗ್‌ನ ಕವಲಾದ ನಾಯ್ಡಾರ್ಫ್ ಹೆಸರು ಬಂದೇ ಬರುತ್ತದೆ. ಬರಬೇಕಾದ್ದೇ. ವಿಶ್ವ ಚಾಂಪಿಯನ್ನರಾಗಿದ್ದ ಫಿಶರ್ ಆಡಿದ್ದು, ಕಾಸ್ಪರೊವ್ ಆಡಿದ್ದು, ಗೆಲ್ಲಬೇಕು ಅನ್ನುವವರ ಓಪನಿಂಗ್ ಅದು. ನಾನು ಅದನ್ನೂ, ಇ4ಗೆ ಸಿ6 ಉತ್ತರ ಕೊಡುವ ಕಾರೋ-ಕಾನನ್ನೂ ಇಲ್ಲಿನ ಭಾನುವಾರದ, ಕಡಿಮೆ ಸಮಯದ ರ‍್ಯಾಪಿಡ್ ಟೂರ್ನಿಗಳಲ್ಲಿ ಬಹಳ ಕಾಲ ಆಡಿದ್ದೇನೆ. 1400ರಿಂದ 1700ರೊಳಗಿನ ರೇಟಿಂಗ್‌ನವರಿಗೆ ನನ್ನ ಓಟು ಕಾರೋ-ಕಾನ್‌ಗೇ.

ನಾಯ್ಡಾರ್ಫ್ ಕೆಟ್ಟ ಓಪನಿಂಗ್ ಅಂತಲ್ಲ. ಅದು ಬೋರ್ಡಿನ ಮೇಲೆ ಬರುವುದೇ ಇಲ್ಲ, ತೊಂದರೆ ಅಲ್ಲಿದೆ. ಐದನೇ ನಡೆಯಲ್ಲಿ ನೀವು ಎ6 ಆಡಿದಾಗಷ್ಟೇ ಅದು ನಾಯ್ಡಾರ್ಫ್. ಅಲ್ಲಿಗೆ ತಲುಪಬೇಕಾದರೆ ಬಿಳಿಯವರು ಎಫ್3ಗೆ ಕುದುರೆ ತರಬೇಕು, ಡಿ4 ತಳ್ಳಬೇಕು, ಕುದುರೆಯಿಂದಲೇ ಹೊಡೆಯಬೇಕು, ಆಮೇಲೆ ಸಿ3ಗೆ ಇನ್ನೊಂದು ಕುದುರೆ ಬರಬೇಕು. ಇಷ್ಟೆಲ್ಲ ಸಹಕಾರ ಕೊಡುವ ಎದುರಾಳಿ ಶಾಲೆಯ ಸಭಾಂಗಣದಲ್ಲಿ ನಡೆಯುವ ಟೂರ್ನಿಯಲ್ಲಿ ಎಲ್ಲಿ ಸಿಗಬೇಕು? ಎರಡನೇ ನಡೆಯಲ್ಲೇ ಒಬ್ಬ ಸಿ3 ಆಡಿ ಅಲಾಪಿನ್‌ಗೆ ಹೋಗುತ್ತಾನೆ. ಇನ್ನೊಬ್ಬಳು ಕುದುರೆ ಸಿ3, ಎಫ್4 ಅಂತ ಗ್ರಾಂಡ್ ಪ್ರಿ ಆಡುತ್ತಾಳೆ. ಮೂರನೆಯವನು ಬಿ5ಗೆ ಬಿಷಪ್ ತಂದು ಚೆಕ್ ಕೊಟ್ಟು, ಅರ್ಧ ಗಂಟೆಯಲ್ಲಿ ಡ್ರಾ ಮಾಡಿಕೊಂಡು ಎದ್ದು ಹೋಗುತ್ತಾನೆ. ನೀವು ರಾತ್ರಿಯಿಡೀ ಕೂತು ಓದಿದ ನಾಯ್ಡಾರ್ಫ್‌ನ ಪಾಯ್ಸನ್ಡ್ ಪಾನ್ ವೇರಿಯೇಷನ್ ಚೀಲದಲ್ಲೇ ಉಳಿಯುತ್ತದೆ. 1972ರಲ್ಲಿ ರೇಕ್ಯಾವಿಕ್‌ನ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ ಹನ್ನೊಂದನೇ ಆಟದಲ್ಲಿ ಅದೇ ಲೈನಿನಲ್ಲಿ ಸ್ಪಾಸ್ಕಿ ಕುದುರೆಯನ್ನು ಬಿ1ಗೆ ಹಿಂದಕ್ಕೆ ಹಾಕಿ ಫಿಶರ್‌ನನ್ನೇ ಸೋಲಿಸಿದ್ದ. ಅಷ್ಟು ಆಳದ ಲೈನ್ ಅದು. ಹದಿನೈದು ನಿಮಿಷದ ಗಡಿಯಾರದಲ್ಲಿ ನೆನಪಿಸಿಕೊಂಡು ಆಡುವ ಸರಕಲ್ಲ.

ಬರದೇ ಇದ್ದರೆ ಹೋಗಲಿ ಅನ್ನಬಹುದು. ಆದರೆ ಕೈಗೆ ಕೂತ ಅಭ್ಯಾಸ ತಿರುಗಿ ಹೊಡೆಯುತ್ತದೆ. ಪಾನ್ ಬಿಟ್ಟುಕೊಟ್ಟು ಆಡುವ ಸ್ಮಿತ್-ಮೋರ್ರಾ ಗ್ಯಾಂಬಿಟ್ ನೋಡಿ. ಇ4 ಸಿ5, ಡಿ4, ನೀವು ಹೊಡೆಯುತ್ತೀರಿ. ಸಿ3, ಮತ್ತೆ ಹೊಡೆಯುತ್ತೀರಿ, ಬಿಳಿಯವರು ಕುದುರೆಯಿಂದ ವಾಪಸ್ ಹೊಡೆಯುತ್ತಾರೆ. ಈಗ ನಾಯ್ಡಾರ್ಫ್ ಕೈ ತಾನಾಗಿ ಡಿ6 ಆಡುತ್ತದೆ. ಕುದುರೆಗಳು ಎಫ್3ಗೆ, ಸಿ6ಗೆ ಬರುತ್ತವೆ, ಬಿಳಿಯ ಬಿಷಪ್ ಸಿ4ರಲ್ಲಿ ಕೂರುತ್ತದೆ. ನಿಮ್ಮ ಕೈ ಮತ್ತೆ ಎಫ್6ಗೆ ಕುದುರೆ ಎತ್ತುತ್ತದೆ. ಬಿತ್ತು ಪೆಟ್ಟು: ಇ5! ಆ ಪಾನ್ ಹೊಡೆದರೆ ಡಿ8ರಲ್ಲಿ ಕ್ವೀನ್‌ಗಳು ಬದಲಾಗುತ್ತವೆ, ನೀವು ಕುದುರೆಯಿಂದ ವಾಪಸ್ ಹೊಡೆಯುತ್ತೀರಿ, ಬಿಳಿಯ ಕುದುರೆ ಬಿ5ಗೆ ಜಿಗಿಯುತ್ತದೆ. ಮುಂದಿನ ನಡೆಯಲ್ಲಿ ಅದು ಸಿ7ಗೆ ಬಂದರೆ ರಾಜನಿಗೆ ಚೆಕ್, ಮೂಲೆಯ ಆನೆಗೂ ಏಟು. ಆರನೇ ನಡೆಯಲ್ಲಿ ಇ6 ಆಡಿದ್ದರೆ ಇದೇನೂ ಇಲ್ಲ. ಆದರೆ ನಾಯ್ಡಾರ್ಫ್‌ನಲ್ಲಿ ಎಫ್6ರ ಕುದುರೆ ಇ6ಗಿಂತ ಮೊದಲೇ ಬರುತ್ತದೆ, ಕೈ ಅದನ್ನೇ ಹುಡುಕುತ್ತದೆ.

ಕಾರೋ-ಕಾನ್‌ನಲ್ಲಿ ಸಿ6, ಡಿ5 ಅಂತ ಎರಡು ನಡೆಗೆ ನಿಮಗೆ ಬೇಕಾದ ಆಟ ಬಂದಾಯಿತು. ಬಿಳಿಯವರು ಇ5 ತಳ್ಳಿದರೆ ಬಿಷಪ್ ಎಫ್5ಗೆ, ಆಮೇಲೆ ಇ6, ಸಮಯ ನೋಡಿ ಸಿ5. ಹೊಡೆದು ಬದಲಾಯಿಸಿಕೊಂಡರೆ ಪಾನ್‌ಗಳ ರಚನೆ ಸರಳ, ಯೋಚನೆಯೂ ಸರಳ. ನನ್ನ ಅನುಭವದಲ್ಲಿ ದೊಡ್ಡ ವ್ಯತ್ಯಾಸ ಗಡಿಯಾರದಲ್ಲೇ ಕಾಣುತ್ತದೆ. ಸಿಸಿಲಿಯನ್‌ನಲ್ಲಿ ಅಪರಿಚಿತ ಎರಡನೇ ನಡೆ ಕಂಡಾಗಲೇ ನಿಮಿಷಗಳು ಕರಗತೊಡಗುತ್ತವೆ. ಕಾರೋದಲ್ಲಿ ಆ ನಿಮಿಷಗಳು ಎಂಡ್‌ಗೇಮ್‌ಗೆ ಉಳಿಯುತ್ತವೆ. ಸ್ವಿಸ್ ಪದ್ಧತಿಯ (ಪ್ರತಿ ಸುತ್ತಿಗೂ ಸುಮಾರು ಸಮಾನ ಅಂಕದವರನ್ನು ಜೋಡಿಸುವ) ರ‍್ಯಾಪಿಡ್‌ನಲ್ಲಿ ಪೇರಿಂಗ್ ಹಾಕಿ ಸ್ವಲ್ಪ ಹೊತ್ತಿಗೇ ಬೋರ್ಡ್ ಮುಂದೆ ಕೂರಬೇಕು, ಎದುರಾಳಿಯ ಆಟಗಳನ್ನು ತೆಗೆದು ನೋಡಲು ಬಿಡುವಿಲ್ಲ. ಅದರ ಮೇಲೆ 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಕನಿಷ್ಠ ರೇಟಿಂಗನ್ನು 1000ದಿಂದ 1400ಕ್ಕೆ ಏರಿಸಿದ ಮೇಲೆ, 1450 ಅಂತ ಬರೆದ ಹೆಸರಿನ ಹಿಂದೆ ಎಂಥ ಆಟಗಾರ ಇದ್ದಾನೆ ಅಂತ ಅಂದಾಜು ಮಾಡುವುದೂ ಕಷ್ಟ.

ಇ4ಗೆ ಇ5 ಉತ್ತರವನ್ನೂ ಆಡಿ ನೋಡಿದೆ. ಒಳ್ಳೆಯದೇ, ಆದರೆ ಇಟಾಲಿಯನ್, ಸ್ಕಾಚ್, ಕಿಂಗ್ಸ್ ಗ್ಯಾಂಬಿಟ್ ಎಲ್ಲವೂ ತಲೆಯಲ್ಲಿರಬೇಕು. ಕೆಲಸಕ್ಕೆ ಹೋಗುವವರಿಗೆ ಅದು ಹೊರೆಯೇ.

ಕಾರೋದಲ್ಲೂ ಹೊಂಡಗಳಿವೆ. ಬಿಳಿಯವರು ಎರಡೂ ಕುದುರೆ ಹೊರತಂದು, ಇ4ರಲ್ಲಿ ಒಂದನ್ನು ಕೂರಿಸಿ, ಕ್ವೀನ್ ಇ2ಗೆ ಇಟ್ಟಾಗ, ಡಿ7ರಲ್ಲಿ ಕುದುರೆ ಇರುವವರು ಎಫ್6ಗೆ ಇನ್ನೊಂದನ್ನು ತಂದರೆ ಆರನೇ ನಡೆಗೆ ಡಿ6ರಲ್ಲಿ ಮೇಟ್. ಇ7ರ ಪಾನ್ ಪಿನ್ ಆಗಿರುತ್ತದೆ (ಸರಿದರೆ ರಾಜನಿಗೆ ಕ್ವೀನ್‌ನ ಚೆಕ್), ಹೊಡೆಯುವಂತಿಲ್ಲ. ಎಂಟು ವರ್ಷದ ಮಕ್ಕಳಿಗೂ ಈ ಟ್ರ್ಯಾಪ್ ಗೊತ್ತು. 1997ರಲ್ಲಿ ಕಂಪ್ಯೂಟರ್ ಡೀಪ್ ಬ್ಲೂ ಎದುರು ಕೊನೆಯ ಆಟದಲ್ಲಿ ಕಾಸ್ಪರೊವ್ ಸೋತಿದ್ದೂ ಇದೇ ಕಾರೋದಲ್ಲಿ, ಏಳನೇ ನಡೆಗೆ ಎಚ್6 ಆಡಿ, ಇ6ರಲ್ಲಿ ಕುದುರೆ ಬಲಿ ತಿಂದು, ಹತ್ತೊಂಬತ್ತೇ ನಡೆಗೆ.

ಇನ್ನೊಂದು ಕೊರತೆ ನಿಜಕ್ಕೂ ಕಾಡುತ್ತದೆ. ಕೊನೆಯ ಸುತ್ತಿನಲ್ಲಿ ಕಪ್ಪು ಕಾಯಿ ಸಿಕ್ಕಿ, ಬಹುಮಾನಕ್ಕೆ ಪೂರ್ತಿ ಅಂಕವೇ ಬೇಕಾಗಿದ್ದು, ಎದುರಿನವರು ಮೂರನೇ ನಡೆಗೇ ಪಾನ್ ಬದಲಾಯಿಸಿಕೊಂಡು ಡ್ರಾಗೆ ಕೂತರೆ ಕಾರೋದಿಂದ ಗೆಲುವು ಹಿಂಡುವುದು ಕಷ್ಟ. ಅಂಥ ಹೊತ್ತಿಗೆ ಸಿಸಿಲಿಯನ್ ಕೈಯಲ್ಲಿರಲಿ. ಆದರೆ ಓದುವ ಕ್ರಮ ಬದಲಾಯಿಸಿ: ಮೊದಲು ಅಲಾಪಿನ್, ಆಮೇಲೆ ಬಿ5ರ ಚೆಕ್, ಮೋರ್ರಾ, ಗ್ರಾಂಡ್ ಪ್ರಿ. ಐದನೇ ನಡೆಯ ಎ6ರ ಪುಟ ಎಲ್ಲಕ್ಕಿಂತ ಕೊನೆಗೆ ತೆರೆಯಿರಿ.